ಚೌಕಾಸಿ

ಮಡಗಾಂವಿನಲ್ಲಿ ಮಾಬ್ಲು ಎರಡು ಗೋಲು ಹೊಡೆದ ಮರುದಿನ
ಕಾರವಾರದ ಮೀನುಪೇಟೆಯಲ್ಲಿ ನನ್ನ ಬುಟ್ಟಿಗೆ ಚೌಕಾಸಿ ಇರಲಿಲ್ಲ.
ಬ್ಯಾಂಕಿನ ಮ್ಯಾನೇಜರು ಇಸವಣ ಕೊಯ್ಸಿಕೊಂಡು
ಚಿಲ್ಲರೆ ಇರಲಿ ಅಕ್ಕಾ, ಅಂದರು.
ಅಕ್ಕ ಅಂದಿದ್ದು ಅದೇ ಮೊದಲು.

ಆಮೇಲೆ ಕೋಲ್ಕತ್ತಾದ ಕ್ಲಬ್ಬು, ದೊಡ್ಡ ಮೊತ್ತ,
ಹನ್ನೊಂದು ಪಂದ್ಯ, ಒಂದೂ ಗೋಲಿಲ್ಲ.
ಕಂಬಕ್ಕೆ ಬಡಿಯಿತು. ಬಾವುಟ ಎದ್ದಿತು.
ಒಮ್ಮೆ ಒಳಹೋಗುವ ಚೆಂಡು ಅವನ ಬೆನ್ನಿಗೇ ತಾಗಿ ಹೊರಗೆ.
ಇಲ್ಲಿ ಬಂಗಡೆಯ ಕಿವಿರೆತ್ತಿ ಕೇಳುತ್ತಾರೆ:
ಇದೂ ನಿನ್ನ ತಮ್ಮನ ಗೋಲಿನಷ್ಟು ಹಳೆಯದೋ?
ನಾನು ನೀರು ಚಿಮುಕಿಸುತ್ತೇನೆ.

ಆಫ್‌ಸೈಡ್ ಅಂದರೇನೋ, ಫೋನಿನಲ್ಲಿ ಕೇಳಿದೆ.
ಸರಿಯಾದ ಜಾಗಕ್ಕೆ ಸ್ವಲ್ಪ ಮೊದಲೇ ಹೋಗೋದು, ಅಂದ.
ನಕ್ಕನೋ, ಮೂಗು ಸೋರಿತೋ.

ಮೊಣಕಾಲು ಹೊಲಿಸಿಕೊಂಡು ಬಂದ ಜೂನಿನಲ್ಲಿ
ಬೈತಖೋಲದ ದೋಣಿಗಳೂ ದಡಕ್ಕೆ ಕಟ್ಟಿಕೊಂಡಿದ್ದವು.
ಅವಕ್ಕೆ ಯಾರೂ ವಯಸ್ಸು ಕೇಳಲಿಲ್ಲ.

ಈಗ ಕೆಳಗಿನ ಲೀಗು, ಅರ್ಧ ಸಂಬಳ, ಬೆಂಚು.
ನಿನ್ನೆ ಎಂಬತ್ತೆಂಟನೇ ನಿಮಿಷಕ್ಕೆ ಇಳಿಸಿದರಂತೆ,
ತೊಡೆಗೆ ತಾಗಿ ಒಳಗೆ ಹೋಯಿತಂತೆ,
ಚಂದದ ಗೋಲಲ್ಲ ಅಕ್ಕಾ, ಅಂದ.

ಪೇಟೆಗೆ ಸುದ್ದಿಯಿಲ್ಲ.
ಇವತ್ತು ಇಪ್ಪತ್ತು ರೂಪಾಯಿ ಬಿಡು ಅಂದವಳಿಗೆ
ಮೂವತ್ತು ಬಿಟ್ಟೆ.