ಕೈಗಳ ವಿಷಯ

ತಾರ್ತುವಿನ ಬೇಕರಿಯಲ್ಲಿ ರಾತ್ರಿ ಪಾಳಿ ಮುಗಿಸಿ
ಗುರುವಾರಕ್ಕೊಂದು ಕಾಮಿಕ್ಸ್ ಪುಟ ಜಾಲಕ್ಕೇರಿಸುತ್ತೀ, ಹೆಲ್ಯೆ,
ನಾಲ್ಕು ವರ್ಷದಿಂದ, ಪುಕ್ಕಟೆ. ಒಪ್ಪಿದೆ.
ಆದರೂ ಹೇಳಲೇಬೇಕು:
ನಿನ್ನ ಜನಕ್ಕೆ ಕೈಗಳೇ ಇಲ್ಲ.
ದೋಣಿಯವನದು ಜೇಬಿನಲ್ಲಿ, ಅವನ ತಂಗಿಯದು ಬೆನ್ನ ಹಿಂದೆ,
ಪಾದ್ರಿಯದು ಸದಾ ಮಾತಿನ ಗುಳ್ಳೆಯ ಮರೆಗೆ.
ಅದಕ್ಕೇ ಅವನಿಗೆ ಅಷ್ಟು ಮಾತು.
ಹಿಮ ಬಿತ್ತೆಂದರೆ ಗೊತ್ತು,
ಹಿನ್ನೆಲೆ ಬರೆಯಲು ನಿನಗೆ ಬೇಸರ.

ಇನ್ನೂರ ಹನ್ನೆರಡನೇ ಪುಟದಲ್ಲಿ ಮಾತ್ರ
ತಂಗಿ ಸತ್ತ ನಾಯಿಯ ಕೊರಳಪಟ್ಟಿ ಬಿಚ್ಚುತ್ತಾಳೆ.
ಮಾತಿಲ್ಲ. ಕೈ ಬರೆಯಲೇಬೇಕಾಯಿತು.
ಹೆಬ್ಬೆರಳು ತಪ್ಪು ಕಡೆ, ಮಣಿಕಟ್ಟು ಲಟ್ಟಣಿಗೆ,
ಅಳಿಸಿ ಅಳಿಸಿ ಬೂದಿಯಾದ ಗೆರೆ.

ಬಸ್ಸಿನಲ್ಲಿ ನೋಡುತ್ತಿದ್ದೆ;
ಇಳಿಯುವ ಸ್ಟಾಪು ದಾಟಿಹೋಯಿತು.

ಇದನ್ನು ತಿದ್ದಬೇಡ.
ಪಾದ್ರಿಯ ಕೈ ಎಲ್ಲಿ, ಅದನ್ನು ಹೇಳು.