ಸರಿ, ಬೆಸ

ಮೂರು ಪದರ ಬಣ್ಣ ಕೆರೆದದ್ದಾಯಿತು.
ಮೇಲಿನದು ಚಾಕೊಲೇಟು, ನಾನೇ ಬಳಿದದ್ದು, ಮದುವೆಯ ವರ್ಷ.
ಅದರಡಿ ಹಸಿರು, ರೈಲ್ವೆಯವರು ಯಾರೋ ಅಗ್ಗಕ್ಕೆ ಕೊಟ್ಟ ಡಬ್ಬಿ.
ಅದರಡಿ ಅಪ್ಪನ ಕಾಲದ ಕೆಮ್ಮಣ್ಣು.
ಉಪ್ಪುಕಾಗದ ಎಂಬತ್ತು, ಆಮೇಲೆ ನೂರಿಪ್ಪತ್ತು.
ಕೊನೆಗೆ ಮರ ಕಂಡಿತು.

ಹೊನ್ನೆ, ಅಂದ ಖಯ್ಯೂಮ್, ಮೂಸಿ ನೋಡಿ.
ಒದ್ದೆಬಟ್ಟೆಯಲ್ಲಿ ಒರೆಸಿದ; ಬಟ್ಟೆಗೆ ಅರಿಶಿನ ಹತ್ತಿತು.

ಕೆಳಗೆ ನನ್ನ ಬೈಂಡಿಂಗ್ ಅಂಗಡಿ:
ಮೈದಾ ಅಂಟಿನ ಬೋಗುಣಿ, ಸೊಸೈಟಿಯ ಖಾತೆ ಪುಸ್ತಕ, ಸೂಜಿದಾರ.
ಮೇಲೆ ಒಲೆ, ಹಾಸಿಗೆ, ದೇವರು.
ನಡುವೆ ಹದಿಮೂರು ಮೆಟ್ಟಿಲು.
ಅರಸೀಕೆರೆ ಸ್ಟೇಷನ್ನಿಗೆ ಗೂಡ್ಸ್ ಬಂದಾಗಲೆಲ್ಲ
ಹದಿಮೂರೂ ಸಣ್ಣಗೆ ಹಲ್ಲು ಕಡಿಯುತ್ತವೆ.

ಈಗ ಏನು ಬಳಿಯುವುದು?

ಅರಗಿನ ಪಾಲಿಶು ಕನ್ನಡಿ ಸ್ವಾಮಿ,
ಆದರೆ ಒದ್ದೆಕಾಲು ಇಟ್ಟರೆ ಬೆಳ್ಳಗೆ ಹೂತುಕೊಳ್ಳುತ್ತೆ.
ಪಿ.ಯು. ಗಟ್ಟಿ, ಹತ್ತು ವರ್ಷ ನೋಡಬೇಕಿಲ್ಲ,
ಆದರೆ ಸಾಕ್ಸು ಹಾಕಿ ಇಳಿದರೆ
ನೇರ ಹಾಸನದ ದೊಡ್ಡಾಸ್ಪತ್ರೆಗೇ ಇಳಿಯುತ್ತೀರಿ.
ಅಗಸೆ ಎಣ್ಣೆ ಮರಕ್ಕೆ ಒಳ್ಳೆಯದು,
ಒಣಗಲು ವಾರ, ವರ್ಷವರ್ಷ ಮತ್ತೆ ಉಜ್ಜಬೇಕು.
ಮೇಲಿನಿಂದ ಪದ್ಮಕ್ಕ: ಊರು ತುಂಬ ಕೊಬ್ಬರಿ ಎಣ್ಣೆ ಇದೆಯಲ್ಲೋ!
ಅದು ಒಣಗೋದೇ ಇಲ್ಲ ಅಕ್ಕ,
ತಲೆಗೂ ಮರಕ್ಕೂ ವ್ಯತ್ಯಾಸವಿದೆ.
ನಿನ್ನ ತಲೆಗೆ ಇಲ್ಲ ಬಿಡು, ಅಂದಳು.

ಒಂದು ಹಲಗೆಗೆ ನಾಲ್ಕು ಪಟ್ಟಿ ಬಳಿದು, ಐದನೆಯದು ಬರಿದೇ ಬಿಟ್ಟು
ಅಂಗಡಿಯ ಹೊಸ್ತಿಲಲ್ಲಿ ಹಾಕಿದೆವು, ಹದಿನೈದು ದಿನ.
ಮೇಷ್ಟರ ಚಪ್ಪಲಿ, ಪೊಲೀಸಿನವನ ಬೂಟು,
ಯಾವನೋ ಚೆಲ್ಲಿದ ಟೀ,
ನಾನೇ ಕದ್ದು ಕೀಲಿಕೈಯಲ್ಲಿ ಎಳೆದ ಗೆರೆ.
ಪರೀಕ್ಷೆ ನಡೆಯುವುದು ಗೊತ್ತಿದ್ದವರು ದಾಟಿ ಹೋದರು,
ಗೊತ್ತಿಲ್ಲದವರು ತುಳಿದು ಉಪಕಾರ ಮಾಡಿದರು.

ಅಷ್ಟರಲ್ಲಿ ಬರಿಮರ ಇನ್ನೊಂದು ತೋರಿಸಿತ್ತು.
ಪ್ರತಿ ಮೆಟ್ಟಿಲಿಗೂ ಗೋಡೆಯ ಪಕ್ಕ ಒಂದು ತಗ್ಗು,
ಸೌಟಿನಷ್ಟು, ಅಂಗೈ ಇಟ್ಟರೆ ಕೂರುವಷ್ಟು.
ಬಣ್ಣದಡಿ ಇಷ್ಟು ದಿನ ನೆರಳು ಅಂದುಕೊಂಡಿದ್ದೆ.
ಪದ್ಮಕ್ಕನ ಎಡಗಾಲಿನ ಕಬ್ಬಿಣದ ಬೂಟು,
ಒಂದನೇ ಕ್ಲಾಸಿನಿಂದ ಐವತ್ತು ವರ್ಷ.
ಇಳಿಯುವಾಗ ಅವಳು ಬೆನ್ನು ಮುಂದು ಮಾಡಿಕೊಂಡೇ ಇಳಿಯುವುದು,
ಹತ್ತಿದ ತಗ್ಗಿನಲ್ಲೇ.

ಹೊಟ್ಟು ಅಂಟು ಕಲಸಿ ತುಂಬಿಬಿಡೋಣ, ಅಂದ ಖಯ್ಯೂಮ್,
ಮಟ್ಟವಾಗುತ್ತೆ.
ತುಂಬಿದರೆ ಬೀಳುತ್ತೇನೆ, ಅಂದಳು ಪದ್ಮಕ್ಕ,
ಕರೆಂಟು ಹೋದಾಗ ನನಗೆ ಮೆಟ್ಟಿಲು ಸಿಗೋದು ಅದರಿಂದಲೇ.
ಅವನು ಪಟ್ಟಿ ಮಡಚಿ ಜೇಬಿಗಿಟ್ಟ.

ಕೊನೆಗೆ ಹೊಳಪಿಲ್ಲದ ಪಿ.ಯು., ಮೂರು ಕೋಟು.
ಕಡೆಯದಕ್ಕೆ ಜರಡಿ ಹಿಡಿದ ಮರಳು, ಒಂದು ಹಿಡಿ,
ರಂಗೋಲಿ ಉದುರಿಸುವ ಬೆರಳಲ್ಲಿ.
ಮೊದಲು ಬೆಸ: ಒಂದು, ಮೂರು, ಐದು, ಹದಿಮೂರರ ತನಕ.
ಅವು ಒಣಗಿದ ಮೇಲೆ ಸರಿ.
ಐದು ದಿನ ಮನೆಯವರೆಲ್ಲ ಎರಡೆರಡು ಮೆಟ್ಟಿಲು ದಾಟಿದೆವು,
ನನ್ನ ಹೆಂಡತಿ ಸೀರೆ ಎತ್ತಿ ಕಟ್ಟಿ, ನಗುತ್ತ, ಬಯ್ಯುತ್ತ.

ಪದ್ಮಕ್ಕನಿಗೆ ದಾಟಲಾಗದು.
ಕೆಳಗೆ ಕಾಗದದ ಬಂಡಲುಗಳ ನಡುವೆ ಹಾಸಿಗೆ ಹಾಕಿಸಿಕೊಂಡಳು.
ಎರಡನೇ ಬೆಳಿಗ್ಗೆ ನೋಡಿದರೆ
ಸೊಸೈಟಿಯ ಲೆಕ್ಕದಲ್ಲಿ ಎರಡು ತಪ್ಪು ಹುಡುಕಿ
ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿಟ್ಟಿದ್ದಳು.
ಅಳಿಸೋ ಮಾರಾಯ, ಅಂದ ಕಾರ್ಯದರ್ಶಿ,
ದನಿ ತಗ್ಗಿಸಿ.

ತಗ್ಗುಗಳಿಗೆ ಖಯ್ಯೂಮ್ ಒಂದು ಕೋಟು ಹೆಚ್ಚು ಹೊಡೆದಿದ್ದ,
ಯಾರೂ ಹೇಳದೆ. ಬಿಲ್ಲಿನಲ್ಲಿ ಅದಿಲ್ಲ.

ಆರನೇ ರಾತ್ರಿ ಮಲಗಿ ಕೇಳುತ್ತಿದ್ದೆ.
ಕಬ್ಬಿಣದ ದನಿ ಬೇರೆಯಾಗಿತ್ತು,
ಮೊದಲಿನ ಟೊಳ್ಳು ಇಲ್ಲ, ಸ್ವಲ್ಪ ಒರಟು.
ಏಳನೆಯದರಲ್ಲಿ ನಿಂತಳು.
ಗೂಡ್ಸ್ ಬಂತು, ಹೋಯಿತು.
ನಾನು ಎದ್ದು ಕೂತೆ.
ಎಂಟು. ಒಂಬತ್ತು.

ಹಲಗೆ ಈಗ ಅಂಗಡಿಯಲ್ಲಿದೆ,
ಅಂಟು ಆರದ ಪುಸ್ತಕಗಳ ಮೇಲೆ ಭಾರಕ್ಕೆ.
ಬರಿದೇ ಬಿಟ್ಟ ಐದನೇ ಪಟ್ಟಿ
ನನ್ನ ಮೈದಾ ಕೈಗೆ ಕಪ್ಪಗಾಗುತ್ತಿದೆ.
ಖಯ್ಯೂಮನಿಗೆ ಇನ್ನೂ ಮುನ್ನೂರು ಬಾಕಿ.