ಹಾಳೆಯ ಹಿಂಬದಿ

ನೋಮಿನ್‌ಜುಲ್,
ನಿನ್ನ ಪ್ರಶ್ನಾವಳಿ ತಲುಪಿತು.
ನಾಲ್ಕು ಹಾಳೆ, ಮೂವತ್ತನಾಲ್ಕು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಚೌಕ:
ಎಂದೂ ಇಲ್ಲ, ಆಗೊಮ್ಮೆ ಈಗೊಮ್ಮೆ, ಪದೇ ಪದೇ, ಯಾವಾಗಲೂ.
ಹದಿನೈದು ನಿಮಿಷ ಸಾಕೆಂದು ಮೇಲೆ ಬರೆದಿದ್ದೀ.
ಆ ಹದಿನೈದು ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಬರೆದಿಲ್ಲ.

ವಯಸ್ಸು: ನಲವತ್ತೊಂದು.
ಅನುಭವ: ಹತ್ತೊಂಬತ್ತು ಚಳಿಗಾಲ.
ಉಲಾನ್‌ಬಾತರಿನ ಮಕ್ಕಳ ವಾರ್ಡಿನಲ್ಲಿ
ಬೇಸಿಗೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.
ಗಂಡ: ಇದ್ದಾನೆ. ಕಲ್ಲಿದ್ದಲ ಲಾರಿಯೊಳಗೆ, ಗಡಿಯ ಸಾಲಿನಲ್ಲಿ,
ಒಂಬತ್ತು ದಿನದಿಂದ.
ಮಕ್ಕಳು: ಇಬ್ಬರು. ಚಿಕ್ಕವಳು ನಿನ್ನೆ ಫೋನಿನಲ್ಲಿ,
"ನಾನೂ ಕೆಮ್ಮಿದರೆ ನಿನ್ನ ವಾರ್ಡಿಗೆ ಬರಬಹುದಾ?" ಅಂದಳು.
ಇದಕ್ಕೆ ಚೌಕವಿಲ್ಲ.

ರೋಗಿಗಳ ಸಂಖ್ಯೆ.
ಹೊರಗೆ ಸೊನ್ನೆಯ ಕೆಳಗೆ ಮೂವತ್ತೆರಡು.
ಗುಡ್ಡದ ಮೇಲಿನ ಡೇರೆಗಳೆಲ್ಲ ರಾತ್ರಿಯಿಡೀ ಹೊಗೆ ಬಿಟ್ಟು,
ಆ ಹೊಗೆ ಮೆಲ್ಲನೆ ಇಳಿದು ಬಂದು
ಎಳೆಯ ಎದೆಗಳಲ್ಲಿ ಬಿಡಾರ ಹೂಡುತ್ತದೆ.
ಹಾಸಿಗೆ ಇಪ್ಪತ್ತು. ಮಕ್ಕಳು ನಲವತ್ತಮೂರು.
ದಾದಿಯರು ನಾನು, ಮತ್ತೆ ಖುಲಾನ್,
ಸೇರಿ ಮೂರು ತಿಂಗಳಾದವಳು.
'ಯಾವಾಗಲೂ' ಎಂದು ಗುರುತು ಹಾಕುವಷ್ಟರಲ್ಲಿ
ಐದನೇ ಹಾಸಿಗೆಯ ಡ್ರಿಪ್ ಖಾಲಿ.

ತಿರುಗಿ ಬಂದಾಗ ಒಂದೂವರೆ.
ಉಪ್ಪುಚಹಾದ ಮೇಲೆ ಕೆನೆ ಚರ್ಮ ಕಟ್ಟಿತ್ತು.

ವೈದ್ಯರೊಂದಿಗೆ ಮನಸ್ತಾಪ?
ಇನ್ನೊಂದು ಸಿಲಿಂಡರ್ ಕೇಳಿದ್ದಕ್ಕೆ ಎಲ್ಲರೆದುರು
ಖುಲಾನ್ ಮೇಲೆ ಹರಿಹಾಯ್ದರು.
ಅವರೂ ಮೂವತ್ತು ಗಂಟೆಯಿಂದ ಕಣ್ಣು ಮುಚ್ಚಿಲ್ಲ.
ಅವಳು ಉಗ್ರಾಣಕ್ಕೆ ಹೋಗಿ ವಾಂತಿ ಮಾಡಿ ಬಂದು
ಫಿನಾಯಿಲ್ ವಾಸನೆ ಅಂದಳು.
ನಾನು ಹೌದು ಅಂದೆ.

ಬಂಧುಗಳಿಂದ ಬೈಗುಳ, ಹಲ್ಲೆ?
ಮೂಲೆಯ ಹಾಸಿಗೆಯ ಅಜ್ಜಿ ತೋಳು ಹಿಡಿದು ಜಗ್ಗಿದಳು,
ನಾಲ್ಕು ಬೆರಳಿನ ಗುರುತು ಇನ್ನೂ ಇದೆ.
ಬೆಳಗಿನ ಜಾವ ಅದೇ ಅಜ್ಜಿ
ಒಣಮೊಸರಿನ ಗಟ್ಟಿಯೊಂದನ್ನು ನನ್ನ ಜೇಬಿಗೆ ತುರುಕಿ ಹೋದಳು.
ಎರಡನ್ನೂ ಕೂಡಿಸಿ ಭಾಗಿಸಬೇಕೋ, ಹೇಳು.

ಹದಿನೇಳನೆಯದು: ನೀವು ಆರೈಕೆ ಮಾಡುತ್ತಿದ್ದ ರೋಗಿಯ ಸಾವು.
ಪೆನ್ನು ಅಲ್ಲೇ ನಿಂತಿತು.
ನವೆಂಬರಿನಲ್ಲಿ, ಆದ ಹನ್ನೊಂದು ನಿಮಿಷಕ್ಕೆ,
ಅದೇ ಹಾಸಿಗೆಗೆ ಬೇರೆ ಚಾದರ ಹಾಸಿದೆ.
ಬಾಗಿಲಲ್ಲಿ ಇನ್ನೊಂದು ಮಗು ಕಾಯುತ್ತಿತ್ತು.
ಅತ್ತದ್ದು ನೆನಪಿಲ್ಲ.
ಚಾದರದ ಮೂಲೆ ಸರಿಯಾಗಿ ಮಡಚಿದ್ದೆನೋ ಇಲ್ಲವೋ,
ಅದೊಂದೇ ಬಸ್ಸಿನಲ್ಲಿ ಈಗಲೂ ಕಾಡುತ್ತದೆ.

ಅಷ್ಟರಲ್ಲಿ ತೆಮುಲೇನ್ ಬಂದ.
ದಾರಿ-ಏಖ್‌ನ ಡೇರೆಯಿಂದ, ಕುರಿದೊಗಲಲ್ಲಿ ಸುತ್ತಿಕೊಂಡು,
ಏಳು ತಿಂಗಳು, ಉಗುರು ನೀಲಿ.
ಒಂದೇ ನಳಿಕೆಯನ್ನು ಇಬ್ಬರಿಗೆ ಸೀಳಿದೆವು.
ಚಾರ್ಟು ಮುಗಿದಿತ್ತು. ಕೈಗೆ ಸಿಕ್ಕಿದ್ದು ನಿನ್ನ ಮೂರನೇ ಹಾಳೆ,
ಮಗುಚಿ ಹಾಕಿ ಉಸಿರು ಎಣಿಸಿದೆ:

ಎರಡಕ್ಕೆ ಅರವತ್ತೆಂಟು.
ಎರಡೂವರೆಗೆ ಎಪ್ಪತ್ತು.
ಮೂರಕ್ಕೆ ಅರವತ್ತಾರು.
ನಾಲ್ಕಕ್ಕೆ ಐವತ್ತೆರಡು.

"ಇಳಿದದ್ದು ವಾಸಿಯಾಗಿಯೋ, ದಣಿದೋ?"
ಖುಲಾನ್ ಮೆತ್ತಗೆ ಕೇಳಿದಳು.
ನಿನ್ನ ಮೂವತ್ತನಾಲ್ಕರಲ್ಲಿ ಇಷ್ಟು ಒಳ್ಳೆಯದು ಒಂದೂ ಇಲ್ಲ,
ಬೇಜಾರು ಮಾಡಿಕೊಳ್ಳಬೇಡ.
ಇಬ್ಬರೂ ಬಗ್ಗಿ ಟಾರ್ಚು ಹಿಡಿದು ಅವನ ತುಟಿ ನೋಡಿದೆವು.
ನಸುಗೆಂಪು.
ಹೊಟ್ಟೆ ಒಳಕ್ಕೆ ಸೆಳೆಯುತ್ತಿರಲಿಲ್ಲ.
ನನ್ನ ಮೊಣಕಾಲು ಆಮೇಲೆ ನಡುಗಿತು.

ಹಾಗಾಗಿ ಹದಿನೇಳರಿಂದಾಚೆಗೆ ಎಲ್ಲ ಖಾಲಿ.
ಅಪೂರ್ಣವೆಂದು ಪಕ್ಕಕ್ಕಿಡುತ್ತೀಯೋ ಏನೋ, ಇಡು.
ಮೂರನೇ ಹಾಳೆ ಮಾತ್ರ ಇವತ್ತೇ ವಾಪಸು ಕಳಿಸು.
ನಾಲ್ಕು ಗಂಟೆಯ ಎಣಿಕೆಯನ್ನು ರಿಜಿಸ್ಟರಿಗೆ ಇಳಿಸಿಲ್ಲ,
ಹಗಲು ಪಾಳಿಯವರು ಕೇಳುತ್ತಿದ್ದಾರೆ.

ತುಂಗಲಗ್